ಕ್ಲಚ್ ಪ್ಲೇಟ್ ಕೈಗೆ ಬಂದ ಮೇಲೆ

ಸ್ಕೂಟರ್ ಓಡಿಸಿಯೇ ಅಭ್ಯಾಸವಾದವರ ಎಡಗಾಲಿಗೆ, ನಿಂತಾಗ ನೆಲಕ್ಕೆ ಊರುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ಮಂಗಳೂರಿನ ಏರುತಗ್ಗುಗಳಲ್ಲಿ ಇಷ್ಟು ವರ್ಷ ಗೇರಿಲ್ಲದ ಸ್ಕೂಟರಿನಲ್ಲೇ ಕಾಲೇಜಿಗೆ ಹೋಗಿಬಂದವಳು ನಾನು. ಅದರಲ್ಲಿ ಕ್ಲಚ್, ಅಂದರೆ ಎಂಜಿನ್ನನ್ನು ಚಕ್ರಗಳಿಗೆ ಜೋಡಿಸುವ ಮತ್ತು ಬಿಡಿಸುವ ಭಾಗ, ಇಲ್ಲವೆಂದಲ್ಲ. ಎಂಜಿನ್ ವೇಗ ಏರಿದಾಗ ತಾನಾಗಿ ಹಿಡಿದುಕೊಳ್ಳುವ ಸೆಂಟ್ರಿಫ್ಯೂಗಲ್ ಕ್ಲಚ್ ಒಳಗೆಲ್ಲೋ ಮುಚ್ಚಿಕೊಂಡು ಕೂತಿರುತ್ತದೆ. ಅದು ಸವಾರರ ಅಭಿಪ್ರಾಯ ಕೇಳುವುದಿಲ್ಲ. ಕಾರಿನದು ಕೇಳುತ್ತದೆ. ತಾಪತ್ರಯ ಶುರುವಾಗುವುದೇ ಅಲ್ಲಿಂದ.

ನಲವತ್ತು ದಾಟಿದ ಮೇಲೆ, ಜೂನ್ ತಿಂಗಳಿನಲ್ಲಿ ರೈನ್‌ಕೋಟಿನ ಒಳಗೂ ನೆನೆದು ಕ್ಲಾಸಿಗೆ ಹೋಗುವುದು ಸಾಕಾಗಿ, ಕಾರು ಕಲಿಯಲು ಹೊರಟೆ. ಡ್ರೈವಿಂಗ್ ಸ್ಕೂಲಿನಲ್ಲಿ ಎಲ್ಲರಿಗೂ ಹೇಳಿಕೊಡುವುದನ್ನೇ ನನಗೂ ಹೇಳಿಕೊಟ್ಟರು. ಬ್ರೇಕ್ ಒತ್ತುವ ಮೊದಲು ಕ್ಲಚ್ ಒತ್ತು, ತಿರುವಿನಲ್ಲಿ ಕ್ಲಚ್ ಒತ್ತು, ಹಂಪ್ ಬಂದರೆ ಕ್ಲಚ್ ಒತ್ತು, ಅನುಮಾನ ಬಂದರೂ ಕ್ಲಚ್ ಒತ್ತು. ಇದರ ಹಿಂದಿನ ಲೆಕ್ಕ ಸರಳ. ಕಲಿಯುವವರ ಕೈಯಲ್ಲಿ ಕಾರು ಜಂಕ್ಷನ್ ನಡುವೆ ಆಫ್ ಆಗಬಾರದು. ಶಿಕ್ಷಕರ ಪಾದದ ಬಳಿಯೂ ಒಂದು ಬ್ರೇಕ್, ಒಂದು ಕ್ಲಚ್ ಇರುವ ಆ ಕಾರುಗಳಲ್ಲಿ ಅರ್ಧ ಓಡಿಸುವವರು ಅವರೇ. ಕಲಿಕಾ ಲೈಸನ್ಸ್ ಸಿಕ್ಕಿ 30 ದಿನ ಕಳೆದರೆ ಟೆಸ್ಟಿಗೆ ಹೋಗಬಹುದು. ಆ ಟೆಸ್ಟ್ ಪಾಸಾಗುವ ಮಟ್ಟಿಗೆ ಈ ಪಾಠ ಸಾಕು. ಆದರೆ ಲೈಸನ್ಸ್ ಸಿಕ್ಕಿದ ಮೇಲೆ ಆ ಪಾಠವನ್ನು ಮರೆಯಿರಿ ಎಂದು ಯಾರೂ ಹೇಳುವುದಿಲ್ಲವಾದ್ದರಿಂದ ಜನ ಅದನ್ನೇ ಜೀವನಪೂರ್ತಿ ಓಡಿಸುತ್ತಾರೆ.

ನನಗೆ ಹೇಳುವವರೊಬ್ಬರು ಪಕ್ಕದ ಮನೆಯಲ್ಲೇ ಇದ್ದರು. ಖಾಸಗಿ ಬಸ್ಸಿನಲ್ಲಿ ಬದುಕೆಲ್ಲ ಕಳೆದು ನಿವೃತ್ತರಾದ ಡ್ರೈವರ್. ಕಾರ್ಕಳ, ಮೂಡುಬಿದಿರೆ ಲೈನ್, ಆಮೇಲೆ ಚಾರ್ಮಾಡಿ ಘಾಟಿ. ಬೀದಿಯವರೆಲ್ಲ ಅವರನ್ನು ಅಣ್ಣ ಎನ್ನುತ್ತಾರೆ, ನಾನೂ ಹಾಗೆಯೇ. ಅವರಿಗೆ ನಾನು ಟೀಚರ್. ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳುವವಳಾದರೂ ಲೆಕ್ಚರರ್ ಎಂಬ ಮಾತು ಅವರ ಬಾಯಲ್ಲಿ ಬಂದದ್ದಿಲ್ಲ.

ಸೆಕೆಂಡ್ ಹ್ಯಾಂಡ್ ಕಾರು ನೋಡಲು ಅಣ್ಣನೇ ಜೊತೆಗೆ ಬಂದರು. ಸಣ್ಣ ಪೆಟ್ರೋಲ್ ಕಾರು, ಕೇಬಲ್ ಕ್ಲಚ್ಚಿನದು. ಅಷ್ಟು ವರ್ಷ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಆಫೀಸಿಗೆ ಹೋಗಿಬಂದದ್ದು. ಬಣ್ಣ, ಟಯರು, ಎಂಜಿನ್ ಸದ್ದು ಎಲ್ಲ ಸರಿಯಿತ್ತು. ಅಣ್ಣ ಬಾನೆಟ್ ಕೂಡ ಎತ್ತಲಿಲ್ಲ. ಸೀಟಿನಲ್ಲಿ ಕೂತು ಕ್ಲಚ್ ಒತ್ತಿ, ಫಸ್ಟ್ ಹಾಕಿ, ನಿಧಾನಕ್ಕೆ ಬಿಟ್ಟರು. ಪೆಡಲು ಪೂರ್ತಿ ಮೇಲೆ ಬರುವ ತನಕ ಕಾರು ಅಲುಗಲಿಲ್ಲ. ಹೆದ್ದಾರಿಗೆ ಇಳಿದ ಮೇಲೆ 40 ಕಿಲೋಮೀಟರ್ ವೇಗದಲ್ಲಿ ನಾಲ್ಕನೇ ಗೇರಿಗೆ ಹಾಕಿ ಆಕ್ಸಿಲರೇಟರನ್ನು ಒಮ್ಮೆಗೇ ಒತ್ತಿದರು. ಎಂಜಿನ್ ಕೂಗಿತು. ಸ್ಪೀಡೋಮೀಟರಿನ ಮುಳ್ಳು ಇದ್ದಲ್ಲೇ ಇತ್ತು.

“ನೋಡಿ ಟೀಚರೇ, ಎಂಜಿನ್ ಓಡ್ತಾ ಉಂಟು, ಕಾರು ಬರ್ತಾ ಇಲ್ಲ. ಪ್ಲೇಟ್ ಜಾರ್ತದೆ.”

ಮಾರುವವರ ಎದುರಿಗೇ ಹೇಳಿ, ಕ್ಲಚ್ ಸೆಟ್ಟು ಮತ್ತು ಕೂಲಿಯ ಮೊತ್ತವನ್ನು ಬೆಲೆಯಿಂದ ಇಳಿಸಿಯೇ ಅವರು ಅಲ್ಲಿಂದ ಎದ್ದದ್ದು. ಹಳೆಯ ಕಾರು ಕೊಳ್ಳುವವರು ಈ ಒಂದು ಪರೀಕ್ಷೆ ಕಲಿತಿಟ್ಟುಕೊಂಡರೆ ಒಳ್ಳೆಯದು. ಖಾಲಿ ನೇರ ರಸ್ತೆ ಮತ್ತು ಎರಡು ನಿಮಿಷ ಇದ್ದರೆ ಸಾಕು.

ಗ್ಯಾರೇಜಿನಲ್ಲಿ ಕೆಲಸ ನಡೆಯುವಷ್ಟು ಹೊತ್ತೂ ನಾನು ಅಲ್ಲಿಯೇ ನಿಂತಿದ್ದೆ. ಪಾಠ ಮಾಡುವವಳಿಗೆ ಘರ್ಷಣೆ ಎಂಬ ಅಧ್ಯಾಯ ಗೊತ್ತು. ಆದರೆ ಅದು ಲೋಹದಲ್ಲಿ ಹೇಗಿರುತ್ತದೆ ಎಂದು ನೋಡುವ ಸಂದರ್ಭ ಎಷ್ಟು ಸಲ ಬರುತ್ತದೆ? ಮೆಕ್ಯಾನಿಕ್ ಹುಡುಗ ಮೊದಲು ಏರ್ ಫಿಲ್ಟರ್ ಪೆಟ್ಟಿಗೆ, ಬ್ಯಾಟರಿ ತೆಗೆದು ಬದಿಗಿಟ್ಟ. ಕ್ಲಚ್ ಕೇಬಲ್ ಬಿಡಿಸಿದ, ಗೇರ್ ಆಯಿಲ್ ಹಳೆಯ ಡಬ್ಬಕ್ಕೆ ಸುರಿಸಿದ, ಮುಂದಿನ ಚಕ್ರಗಳಿಗೆ ಹೋಗುವ ಡ್ರೈವ್ ಶಾಫ್ಟ್‌ಗಳನ್ನು ಎಳೆದ. ಎಂಜಿನ್ನಿಗೆ ಕೆಳಗಿನಿಂದ ಜ್ಯಾಕ್ ಕೊಟ್ಟು, ಗೇರ್ ಬಾಕ್ಸ್ ಇಳಿಸಲು ಇಬ್ಬರು ಬೇಕಾಯಿತು. ಸಣ್ಣ ಕಾರಿನಲ್ಲೂ ಇದು ಅರ್ಧ ದಿನದ ಕೆಲಸ. ಕ್ಲಚ್ ರಿಪೇರಿಗೆ ಖರ್ಚಾಗುವುದು ಪ್ಲೇಟಿಗಿಂತ ಹೆಚ್ಚಾಗಿ ಪ್ಲೇಟಿನ ತನಕ ತಲುಪುವುದಕ್ಕೆ. ಅದಕ್ಕೇ ಬಿಚ್ಚಿದ ಮೇಲೆ ಪ್ಲೇಟು, ಅದನ್ನು ಎಂಜಿನ್ ಜೊತೆ ತಿರುಗುವ ಫ್ಲೈವೀಲಿಗೆ ಒತ್ತಿಹಿಡಿಯುವ ಪ್ರೆಶರ್ ಪ್ಲೇಟು, ಪೆಡಲು ಒತ್ತಿದಾಗ ಆ ಹಿಡಿತ ಬಿಡಿಸುವ ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಹಾಕುತ್ತಾರೆ. ಬೇರಿಂಗ್ ಇನ್ನೂ ಸ್ವಲ್ಪ ಬರುತ್ತದೆ ಎಂದು ಉಳಿಸಿದರೆ, ಅದು ಕೆಟ್ಟ ದಿನ ಮತ್ತೆ ಇಷ್ಟನ್ನೂ ಬಿಚ್ಚಬೇಕು.

ಪ್ರೆಶರ್ ಪ್ಲೇಟಿನ ಬೋಲ್ಟುಗಳನ್ನು ಒಂದೇ ಕಡೆಯಿಂದ ಬಿಡಿಸದೆ, ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಿದ. ಕಪ್ಪು ಪುಡಿ ಉದುರಿತು. ಪ್ಲೇಟ್ ಹೊರಗೆ ಬಂದದ್ದೇ ನನ್ನ ಕೈಗೆ ಕೊಟ್ಟ. ಊಟದ ತಟ್ಟೆಗಿಂತ ಸಣ್ಣದು, ನಡುವೆ ಹಲ್ಲುಹಲ್ಲಿನ ತೂತು, ಅದರ ಸುತ್ತ ಸಣ್ಣ ಸ್ಪ್ರಿಂಗುಗಳು. ಎರಡೂ ಮುಖಕ್ಕೆ ಘರ್ಷಣೆಯ ಲೈನಿಂಗ್, ಅದನ್ನು ಹಿಡಿದಿರುವ ರಿವೆಟ್‌ಗಳು. ಹೊಸ ಪ್ಲೇಟಿನಲ್ಲಿ ರಿವೆಟ್ಟಿನ ತಲೆ ಲೈನಿಂಗಿನಿಂದ ಒಂದು ಮಿಲಿಮೀಟರಿಗೂ ಮಿಕ್ಕಿ ಆಳದಲ್ಲಿರುತ್ತದೆ. ಆ ಆಳ ಅರ್ಧ ಮಿಲಿಮೀಟರಿನ ಹತ್ತಿರ ಬಂದರೆ ಬದಲಾಯಿಸುವ ಹೊತ್ತು. ಕಾರಿನ ಕ್ಲಚ್ಚಿನ ಆಯುಷ್ಯ ಎಂದರೆ ಇಷ್ಟೇ ದಪ್ಪ. ನನ್ನ ಕೈಯಲ್ಲಿದ್ದುದರಲ್ಲಿ ರಿವೆಟ್ಟುಗಳು ಲೈನಿಂಗಿನ ಸಮಕ್ಕೆ ಬಂದು ಹೊಳೆಯುತ್ತಿದ್ದವು. ಎಂಜಿನ್ ಕಡೆಯ ಫ್ಲೈವೀಲಿನ ಮುಖದಲ್ಲಿ ಅಲ್ಲಲ್ಲಿ ನೀಲಿ ಕಲೆ. ಕಬ್ಬಿಣ ಅತಿಯಾಗಿ ಕಾದರೆ ಬರುವ ಬಣ್ಣ ಅದು.

ಮೆಕ್ಯಾನಿಕ್ ಪ್ರೆಶರ್ ಪ್ಲೇಟ್ ತಿರುಗಿಸಿ ತೋರಿಸಿದ. ಅದರ ನಡುವೆ ಬೆರಳುಗಳಂತೆ ಒಳಮುಖವಾಗಿ ನಿಂತ ಸ್ಪ್ರಿಂಗ್ ಪಟ್ಟಿಗಳಿವೆ. ಪೆಡಲು ಒತ್ತಿದಾಗ ರಿಲೀಸ್ ಬೇರಿಂಗ್ ಹೋಗಿ ಇವುಗಳ ತುದಿಯನ್ನು ದೂಡುತ್ತದೆ. ಆ ತುದಿಗಳಲ್ಲೆಲ್ಲ ಸವೆದ ಹೊಳಪಿನ ಬಳೆ. ಬೇರಿಂಗನ್ನು ಬೆರಳಿಗೆ ಸಿಕ್ಕಿಸಿ ತಿರುಗಿಸಿದರೆ ಗರಗರ ಎನ್ನುತ್ತಿತ್ತು.

“ಇವರದ್ದು ಕಾಲು ಯಾವಾಗಲೂ ಪೆಡಲಿನ ಮೇಲೆಯೇ ಇತ್ತು ಮೇಡಂ,” ಎಂದ.

ಪತ್ತೇದಾರಿಕೆ ಚೆನ್ನಾಗಿತ್ತು, ಪೂರ್ತಿ ನಂಬುವ ಹಾಗಿರಲಿಲ್ಲ. ಕೇಬಲ್ ಕ್ಲಚ್ಚಿನಲ್ಲಿ ಪ್ಲೇಟ್ ಸವೆದ ಹಾಗೆ ಪೆಡಲಿನ ಫ್ರೀ ಪ್ಲೇ, ಅಂದರೆ ಒತ್ತಲು ಶುರುಮಾಡಿದಾಗ ಸಿಗುವ ಆ ಒಂದು ಬೆರಳಿನಷ್ಟು ಖಾಲಿ ಚಲನೆ, ಕಡಿಮೆಯಾಗುತ್ತ ಬರುತ್ತದೆ. ಸರ್ವೀಸಿನಲ್ಲಿ ಯಾರೂ ಕೇಬಲ್ ಅಡ್ಜಸ್ಟ್ ಮಾಡದಿದ್ದರೆ ಕೊನೆಗೆ ಬೇರಿಂಗ್ ಸದಾ ಸ್ಪ್ರಿಂಗಿಗೆ ತಾಗಿಕೊಂಡೇ ಓಡುತ್ತದೆ, ಮೇಲೆ ಕಾಲಿಲ್ಲದಿದ್ದರೂ. ಅಷ್ಟಕ್ಕೂ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಎಂಥ ಶಿಸ್ತಿನವರ ಪ್ಲೇಟೂ ಬೇಗ ಸವೆಯುತ್ತದೆ. ಆ ಮೊದಲ ಮಾಲೀಕರ ಕಾಲನ್ನು ನಾನು ನೋಡಿದವಳಲ್ಲ. ಆದರೆ ನೀಲಿ ಕಲೆ ಮಾತ್ರ ಬರೀ ಟ್ರಾಫಿಕ್ಕಿನಿಂದ ಬಂದದ್ದಲ್ಲ ಎಂಬುದು ನನ್ನ ಅನುಮಾನ. ಅದಕ್ಕೆ ತುಂಬ ಹೊತ್ತು, ತುಂಬ ಬಿಸಿಯಲ್ಲಿ ಜಾರಿರಬೇಕು.

ಫ್ಲೈವೀಲಿನ ಮುಖವನ್ನು ತಿಕ್ಕಿ ಸಮ ಮಾಡಿದರು. ಕ್ರ್ಯಾಂಕ್‌ಶಾಫ್ಟಿನ ಹಿಂದಿನ ಆಯಿಲ್ ಸೀಲ್ ಸೋರುತ್ತಿದೆಯೇ ಎಂದು ನೋಡಿಸಿದೆ. ಹೊಸ ಪ್ಲೇಟಿಗೆ ಎಣ್ಣೆ ತಾಗಿದರೆ ಹಾಕಿದ್ದೆಲ್ಲ ದಂಡ. ಹೊಸ ಪ್ಲೇಟನ್ನು ನಡುವಿಗೆ ಸರಿಯಾಗಿ ಕೂರಿಸಲು ಒಂದು ಡಮ್ಮಿ ಶಾಫ್ಟ್ ತೂರಿಸಿಟ್ಟು ಬೋಲ್ಟ್ ಬಿಗಿದರು. ಸಂಜೆ ಪೆಡಲು ಒತ್ತಿದರೆ ಅದು ಬೇರೆಯೇ ಕಾರು. ಹಗುರ, ಮತ್ತು ಹಿಡಿಯುವ ಜಾಗ ಕೆಳಗೆ ಇಳಿದಿತ್ತು.

ಅಲ್ಲಿಂದ ಅಣ್ಣನ ಪಾಠ ಶುರು. ಊರ ಹೊರಗಿನ ಮೈದಾನದಲ್ಲಿ ಅವರು ಮೊದಲು ಮಾಡಿಸಿದ್ದು ಸೀಟು. ನಾನು ಐದಡಿಗೆ ಸ್ವಲ್ಪ ಮೇಲೆ. ಡ್ರೈವಿಂಗ್ ಸ್ಕೂಲಿನಲ್ಲಿ ಸೀಟು ಇದ್ದಲ್ಲಿ ಕೂತು, ಕ್ಲಚ್ಚನ್ನು ಬೆರಳ ತುದಿಯಲ್ಲಿ ದೂಡುವ ಕ್ರಮವಿತ್ತು. ಅಣ್ಣ ಪೆಡಲನ್ನು ನೆಲಕ್ಕೆ ಮುಟ್ಟುವಷ್ಟು ಒತ್ತಿಸಿ, ಆಗಲೂ ಮೊಣಕಾಲು ಸ್ವಲ್ಪ ಮಡಿಸಿಕೊಂಡೇ ಇರುವ ತನಕ ಸೀಟನ್ನು ಮುಂದಕ್ಕೆ ತರಿಸಿದರು. ಬೆನ್ನಿಗೆ ಒಂದು ದಿಂಬು. ಪೆಡಲು ಪೂರ್ತಿ ಇಳಿಯದಿದ್ದರೆ ಪ್ಲೇಟ್ ಪೂರ್ತಿ ಬಿಡುವುದಿಲ್ಲ, ಗೇರು ಕಿರ್ರೆನ್ನುತ್ತದೆ. ಗಿಡ್ಡ ಇರುವವರು ಗೇರ್ ಬಾಕ್ಸಿನ ತಪ್ಪೆಂದುಕೊಳ್ಳುವ ಎಷ್ಟೋ ಸದ್ದುಗಳು ಸೀಟಿನವು. ಚಪ್ಪಲಿಯ ಬಗ್ಗೆಯೂ ಒಂದು ಮಾತಾಯಿತು. ಮಳೆಗಾಲದಲ್ಲಿ ಕೆಂಪು ಮಣ್ಣು ಮೆತ್ತಿದ ರಬ್ಬರ್ ಚಪ್ಪಲಿ ಪೆಡಲಿನಿಂದ ಜಾರಿದರೆ, ಗೇರಿನಲ್ಲಿ ನಿಂತ ಕಾರು ಮುಂದಕ್ಕೆ ಹಾರುತ್ತದೆ. ಈಗ ಡ್ರೈವರ್ ಸೀಟಿನ ಪಕ್ಕದಲ್ಲಿ ನನ್ನದೊಂದು ಒಣ ಕ್ಯಾನ್ವಾಸ್ ಶೂ ಖಾಯಂ ಇರುತ್ತದೆ.

ಆಮೇಲೆ ಬಲಗಾಲನ್ನು ಪೂರ್ತಿ ತೆಗೆಸಿದರು. ಆಕ್ಸಿಲರೇಟರ್ ಮುಟ್ಟಬಾರದು. ಸಮತಟ್ಟು ನೆಲದಲ್ಲಿ ಫಸ್ಟ್ ಹಾಕಿ, ಕ್ಲಚ್ ಮಾತ್ರ ಬಿಡುತ್ತ ಕಾರು ಹೊರಡಿಸಬೇಕು. ಎಂಜಿನ್ ಸದ್ದು ಒಂದು ಕ್ಷಣ ತಗ್ಗುತ್ತದೆ, ಬಾನೆಟ್ಟು ಸ್ವಲ್ಪ ಎದ್ದಂತಾಗುತ್ತದೆ, ಅಲ್ಲಿ ಕಾಲು ನಿಲ್ಲಿಸಬೇಕು. ಕಾರು ಉರುಳಿದ ಮೇಲೆ ಉಳಿದದ್ದನ್ನು ಬಿಡಬೇಕು. ಈ ಕಾಲಕ್ಕೆ ಬಂದ ಇಂಜೆಕ್ಷನ್ ಎಂಜಿನ್ನುಗಳು ಐಡ್ಲಿಂಗಿನಲ್ಲೇ ಹೀಗೆ ಕಾರನ್ನು ಎಳೆಯುತ್ತವೆ. ಹೊರಡಲು ಗ್ಯಾಸ್ ಕೊಡಲೇಬೇಕು ಎಂದು ಅಲ್ಲಿಯವರೆಗೆ ನಂಬಿದ್ದ ನನಗೆ ಇದು ಹೊಸದು. ಮೈದಾನದ ಪಾಠದಲ್ಲಿ ನನಗೆ ಅತಿ ಹೆಚ್ಚು ಉಪಯೋಗವಾದದ್ದೂ ಇದೇ. ಕಿವಿಗೆ ಮತ್ತು ಸೊಂಟಕ್ಕೆ ಹಿಡಿಯುವ ಜಾಗ ಗೊತ್ತಾಯಿತೆಂದರೆ ಪಾದ ಅದನ್ನು ಹುಡುಕಿಕೊಂಡು ಹೋಗುತ್ತದೆ.

ಮನೆಗೆ ಬಂದು ಲೆಕ್ಕ ಹಾಕಿದೆ. ವೃತ್ತಿದೋಷ. ಸಮನೆಲದಲ್ಲಿ ಎಂಜಿನ್ ಒಂದೇ ವೇಗದಲ್ಲಿದ್ದು ಕಾರು ನಿಂತಲ್ಲಿಂದ ಹೊರಟರೆ, ಕಾರು ಗಳಿಸುವ ಚಲನಶಕ್ತಿಯಷ್ಟೇ ಶಕ್ತಿ ಪ್ಲೇಟಿನಲ್ಲಿ ಬಿಸಿಯಾಗಿ ಹೋಗುತ್ತದೆ. ನಾವಿಬ್ಬರೂ ಕೂತರೆ ಕಾರು ಸುಮಾರು 900 ಕಿಲೋ. ಐಡ್ಲಿಂಗಿನ, ಅಂದರೆ ನಿಮಿಷಕ್ಕೆ 800 ಸುತ್ತಿನಲ್ಲಿ ಮೊದಲ ಗೇರಿನ ವೇಗ ಗಂಟೆಗೆ 6 ಕಿಲೋಮೀಟರ್ ಆಸುಪಾಸು; ಬಿಸಿ 1,250 ಜೂಲ್. ಗ್ಯಾಸ್ ಕೊಟ್ಟು 2,400 ಸುತ್ತಿನಲ್ಲಿ ಎಂಜಿನ್ ಕೂಗಿಸುತ್ತ ಕ್ಲಚ್ ಬಿಟ್ಟರೆ, ಪ್ಲೇಟ್ ಪೂರ್ತಿ ಹಿಡಿಯುವ ಹೊತ್ತಿಗೆ ವೇಗ 18, ಬಿಸಿ 11,250 ಜೂಲ್. ಸುತ್ತು ಮೂರು ಪಟ್ಟು, ಬಿಸಿ ಒಂಬತ್ತು ಪಟ್ಟು. ಹಾಫ್ ಕ್ಲಚ್, ಅಂದರೆ ಪೆಡಲನ್ನು ಅರ್ಧ ಮಾತ್ರ ಬಿಟ್ಟು ಪ್ಲೇಟ್ ಜಾರಿಸುವುದು, ಮಹಾಪಾಪ ಎಂದು ಹೆದರಿಸುವವರು ಈ ಭಾಗವನ್ನು ಹೇಳುವುದಿಲ್ಲ. ಹಾಫ್ ಕ್ಲಚ್ ಇಲ್ಲದೆ ಯಾವ ಕಾರೂ ನಿಂತಲ್ಲಿಂದ ಏಳಲಾರದು, ಪ್ಲೇಟನ್ನು ಮಾಡಿದ್ದೇ ಆ ಜಾರುವಿಕೆಗೆ. ಅದನ್ನು ತಿನ್ನುವುದು ಎಂಜಿನ್ ವೇಗ, ಹೊರೆ ಮತ್ತು ಹೊತ್ತು. ಮೂರರಲ್ಲಿ ಒಂದನ್ನು ಇಳಿಸಿದರೂ ಪ್ಲೇಟ್ ಉಳಿಯುತ್ತದೆ.

ಅಣ್ಣನಿಗೆ ಲೆಕ್ಕ ತೋರಿಸಿದೆ. “ನಮಗೆ ಮೂಗಿಗೆ ಗೊತ್ತಾಗ್ತದೆ ಟೀಚರೇ,” ಎಂದರು. ಸುಟ್ಟ ವಾಸನೆ ಬಂದರೆ ಆವತ್ತಿನ ಬಿಸಿ ಜಾಸ್ತಿಯಾಯಿತು ಎಂದು ಅರ್ಥ.

ಮೂರರಲ್ಲಿ ಮೂರೂ ಒಟ್ಟಿಗೆ ಸೇರುವ ಜಾಗ ಮಂಗಳೂರಿನಲ್ಲಿ ಬೇಕಷ್ಟಿವೆ. ಊರೇ ಗುಡ್ಡದ ಮೇಲೆ ಹರಡಿಕೊಂಡದ್ದು. ಬಾವುಟಗುಡ್ಡೆಗೆ ಹತ್ತುವ ಲೈಟ್‌ಹೌಸ್ ಹಿಲ್ ರಸ್ತೆಯಲ್ಲಿ ಕಾಲೇಜು ಬಿಡುವ ಹೊತ್ತಿಗೆ ಅಣ್ಣ ನನ್ನನ್ನು ಬೇಕೆಂದೇ ಕರೆದುಕೊಂಡು ಹೋದರು. ಮುಂದೆ ಆಟೋ, ಹಿಂದೆ ಬಂಪರಿಗೆ ಮೂಗು ತಾಗಿಸಿ ನಿಂತ ಸಿಟಿ ಬಸ್ಸು. ಆಚೀಚೆ ನೋಡಿದರೆ ಅರ್ಧ ಕಾರುಗಳು ಬ್ರೇಕಿನ ಮೇಲೆ ನಿಂತಿಲ್ಲ. ಫಸ್ಟ್ ಗೇರಿನಲ್ಲಿ ಸ್ವಲ್ಪ ಗ್ಯಾಸ್, ಸ್ವಲ್ಪ ಕ್ಲಚ್. ಕಾರು ಮುಂದೂ ಹೋಗದೆ ಹಿಂದೂ ಬರದೆ ತೂಗುತ್ತ ನಿಂತಿದೆ. ನೋಡಲು ಬಹಳ ಚಂದ, ಕಲಿತವರ ಕೈಚಳಕ ಎಂದೇ ಅನ್ನಿಸುತ್ತದೆ. ಹತ್ತಕ್ಕೆ ಒಂದರ ಏರಿನಲ್ಲಿ, 1,200 ಸುತ್ತಿನಲ್ಲಿ, ನನ್ನ ಕಾರನ್ನು ಹಾಗೆ ತೂಗಿಸಿದರೆ ಪ್ಲೇಟಿನಲ್ಲಿ ಹುಟ್ಟುವ ಬಿಸಿ ಸುಮಾರು 2 ಕಿಲೋವಾಟ್. ಮನೆಯ ಬಚ್ಚಲಿನ ಗೀಸರಿನಷ್ಟು. ಗೀಸರಿಗೆ ಕಾಯಿಸಲು ಒಂದು ಟ್ಯಾಂಕು ನೀರಾದರೂ ಇದೆ, ಇಲ್ಲಿ ಮುಚ್ಚಿದ ಪೆಟ್ಟಿಗೆಯೊಳಗೆ ಒಣ ಗಾಳಿ ಮಾತ್ರ. ಬ್ರೇಕ್ ಒತ್ತಿ ನಿಂತರೆ ಇದು ಸೊನ್ನೆ.

ಅಣ್ಣನ ಕ್ರಮ ಹ್ಯಾಂಡ್ ಬ್ರೇಕಿನದು. ನಿಂತದ್ದೇ ಹ್ಯಾಂಡ್ ಬ್ರೇಕ್ ಎಳೆದು, ನ್ಯೂಟ್ರಲ್ ಮಾಡಿ, ಎರಡೂ ಕಾಲು ತೆಗೆಯುವುದು. ಹೊರಡುವಾಗ ಫಸ್ಟ್ ಹಾಕಿ, ಏರಿದ್ದರಿಂದ ಇಲ್ಲಿ ಸ್ವಲ್ಪವೇ ಗ್ಯಾಸ್ ಕೊಟ್ಟು, ಕ್ಲಚ್ಚನ್ನು ಹಿಡಿಯುವ ಜಾಗಕ್ಕೆ ತರುವುದು. ಕಾರಿನ ಹಿಂಭಾಗ ಕೂತಂತಾಗಿ ಎಂಜಿನ್ ಹೊರೆ ಹೊತ್ತ ಸದ್ದು ಬಂದ ಮೇಲೆ ಹ್ಯಾಂಡ್ ಬ್ರೇಕ್ ಇಳಿಸುವುದು. ಒಂದಂಗುಲವೂ ಹಿಂದೆ ಹೋಗುವುದಿಲ್ಲ. ಆದರೆ ಬ್ರೇಕಿನಿಂದ ಗ್ಯಾಸಿಗೆ ಬಲಗಾಲು ಚಕ್ಕನೆ ಹಾರಿಸುವವರಿಗಿಂತ ಎರಡು ಸೆಕೆಂಡು ಜಾಸ್ತಿ ಬೇಕು. ಆ ಎರಡು ಸೆಕೆಂಡನ್ನು ಹಿಂದಿನ ಬಸ್ಸು ಹಾರನ್ನಿನಿಂದ ತುಂಬಿಸಿತು.

“ಹಾಕ್ಲಿ ಬಿಡಿ. ಅವನ ಹಾರನ್ನಿಗೆ ನಿಮ್ಮ ಪ್ಲೇಟ್ ಸವೆಯುದಿಲ್ಲ.”

ಜೀವನವೆಲ್ಲ ಅಂಥದ್ದೇ ಬಸ್ಸಿನಿಂದ ಹಾರನ್ ಹಾಕಿದವರು ಈ ಮಾತು ಹೇಳಿದ್ದು ಎಂಬುದನ್ನು ಇಲ್ಲಿ ದಾಖಲಿಸಬೇಕು.

ಸಮನೆಲದ ಟ್ರಾಫಿಕ್ಕು ಬೇರೆ ಕಥೆ. ಹೆದ್ದಾರಿ 66 ಮತ್ತು 169 ಕೂಡುವ ನಂತೂರಿನಲ್ಲಿ ಬೆಳಗ್ಗೆ ಒಂಬತ್ತಕ್ಕೆ ಸಿಕ್ಕಿಬಿದ್ದರೆ ಸಾಲು ಸಾಗುವ ವೇಗ ಗಂಟೆಗೆ ಎರಡು ಮೂರು ಕಿಲೋಮೀಟರ್. ಮೊದಲ ಗೇರಿನಲ್ಲಿ ಕ್ಲಚ್ ಪೂರ್ತಿ ಬಿಟ್ಟರೆ ಕಾರು 6ಕ್ಕಿಂತ ಕಡಿಮೆ ಹೋಗಲಾರದು. ಆದ್ದರಿಂದ ಸಾಲಿನ ವೇಗದಲ್ಲೇ ಸಾಗಬೇಕೆಂದರೆ ಇಡೀ ಹೊತ್ತು ಹಾಫ್ ಕ್ಲಚ್ಚಿನಲ್ಲಿರಬೇಕು. ಅದರ ಬದಲು ಒಂದು ಕಾರು ಹಿಡಿಯುವಷ್ಟು ಅಂತರ ಬೆಳೆಯಲು ಬಿಟ್ಟು, ಹೊರಟು, ಕ್ಲಚ್ ಪೂರ್ತಿ ಬಿಟ್ಟು ಉರುಳಿ, ಮತ್ತೆ ನಿಲ್ಲುವುದು. ಆ ಅಂತರಕ್ಕೆ ಸ್ಕೂಟರುಗಳು ನುಗ್ಗುತ್ತವೆ. ನುಗ್ಗಲಿ, ಇಷ್ಟು ವರ್ಷ ನಾನೂ ಅಲ್ಲೇ ನುಗ್ಗಿದವಳು.

ಸಿಗ್ನಲ್ಲಿನಲ್ಲಿ ನ್ಯೂಟ್ರಲ್ಲೋ ಫಸ್ಟೋ ಎಂಬ ಜಗಳ ಮಾತ್ರ ನಮ್ಮಿಬ್ಬರ ನಡುವೆ ಇನ್ನೂ ಮುಗಿದಿಲ್ಲ. ಕ್ಲಚ್ ಪೂರ್ತಿ ಒತ್ತಿ ಫಸ್ಟಿನಲ್ಲಿ ಕಾದರೆ ಪ್ಲೇಟಿಗೆ ಏನೂ ಆಗುವುದಿಲ್ಲ, ಅದು ಬಿಟ್ಟುಕೊಂಡೇ ಇರುತ್ತದೆ. ಹತ್ತು ಸೆಕೆಂಡಿಗೆ ನ್ಯೂಟ್ರಲ್ ಯಾಕೆ ಎಂಬುದು ನನ್ನ ವಾದ. ಬೇರಿಂಗ್ ಪೂರ್ತಿ ಹೊರೆ ಹೊತ್ತು ತಿರುಗುತ್ತ ಇರ್ತದಲ್ಲ, ಕಾಲು ಜಾರಿದರೆ ಎದುರಿನವನ ಡಿಕ್ಕಿಗೆ ಹೋಗ್ತೀರಲ್ಲ ಎಂಬುದು ಅವರದು. ಗರಗರ ಎಂದ ಆ ಹಳೆಯ ಬೇರಿಂಗ್ ಅವರ ಪಕ್ಷದ ಸಾಕ್ಷಿ. ಸೆಕೆಂಡು ಎಣಿಸುವ ಡಬ್ಬ ಇರುವ ಸಿಗ್ನಲ್ಲಿನಲ್ಲಿ ನಾನು ನ್ಯೂಟ್ರಲ್ ಮಾಡುತ್ತೇನೆ. ಪೊಲೀಸರು ಕೈ ತೋರಿಸುವ ಜಂಕ್ಷನ್ನಿನಲ್ಲಿ ನನ್ನ ಇಷ್ಟ.

ಕಾಲು ಇಡುವ ಜಾಗದ ಬಗ್ಗೆ ಜಗಳವಿಲ್ಲ. ದೊಡ್ಡ ಕಾರುಗಳಲ್ಲಿ ಎಡಗಡೆ ಪಾದ ಇಡಲು ಡೆಡ್ ಪೆಡಲ್ ಇರುತ್ತದೆ, ನನ್ನದರಲ್ಲಿ ಇಲ್ಲ. ಗೇರು ಹಾಕಿ ಆದದ್ದೇ ಪಾದ ನೆಲಕ್ಕೆ ಬರಬೇಕು. ಹೆಚ್ಚಿನವರು ಪೆಡಲಿನ ಮೇಲೆ ಸುಮ್ಮನೆ ಇಟ್ಟಿದ್ದೇನೆ, ಒತ್ತಿಲ್ಲ ಎನ್ನುತ್ತಾರೆ. ಪಾದದ ಭಾರ ಒಂದೇ ಫ್ರೀ ಪ್ಲೇಯನ್ನು ತಿಂದುಹಾಕಲು ಸಾಕು. ಅಲ್ಲಿಂದಾಚೆ ಬೇರಿಂಗ್ ತಾಗುತ್ತದೆ, ಗುಂಡಿಗೆ ಹಾರಿದಾಗ ಪಾದ ಇನ್ನೂ ಒತ್ತಿ ಪ್ಲೇಟಿನ ಹಿಡಿತವೂ ಸಡಿಲುತ್ತದೆ. ಈ ವಿಷಯದಲ್ಲಿ ಸ್ಕೂಟರ್ ನನಗೆ ಉಪಕಾರ ಮಾಡಿತು. ಎಡಪಾದವನ್ನು ಚಪ್ಪಟೆಯಾಗಿ ಊರಿಕೊಂಡೇ ಇದ್ದ ಅಭ್ಯಾಸ ಹಾಗೆಯೇ ಮುಂದುವರಿಯಿತು, ಅಣ್ಣನಿಗೆ ಇಲ್ಲಿ ಬೈಯಲು ಏನೂ ಸಿಗಲಿಲ್ಲ.

ಬ್ರೇಕಿನ ಜೊತೆ ಕ್ಲಚ್ ಒತ್ತುವುದನ್ನು ಬಿಡಲು ಹೆಚ್ಚು ದಿನ ಬೇಕಾಯಿತು. ಡ್ರೈವಿಂಗ್ ಸ್ಕೂಲಿನ ಪಾಠ ಪಾದಕ್ಕೆ ಇಳಿದಿತ್ತು. ಗೇರಿನಲ್ಲಿರುವಾಗ ಆಕ್ಸಿಲರೇಟರ್ ಬಿಟ್ಟರೆ ಎಂಜಿನ್ನೇ ಕಾರನ್ನು ಹಿಡಿಯುತ್ತದೆ; ಕ್ಲಚ್ ಒತ್ತಿದ ಕ್ಷಣ ಆ ಹಿಡಿತ ಹೋಗಿ ಎಲ್ಲ ಭಾರ ಬ್ರೇಕಿನ ಮೇಲೆ. ಬ್ರೇಕ್ ಮೊದಲು, ಕಾರು ನಡುಗುವ ಮುಂಚೆ ಕ್ಲಚ್. ಅಣ್ಣ ಪಕ್ಕದಲ್ಲಿ ಕೂತು, ನನ್ನ ಎಡ ಮೊಣಕಾಲು ಏಳುವುದನ್ನೇ ನೋಡುತ್ತ, ಎದ್ದರೆ “ಈಗ ಬೇಡ” ಎನ್ನುತ್ತಿದ್ದರು.

ಆಗುಂಬೆಗೆ ಹೋದದ್ದು ಮಳೆ ನಿಂತ ಮೇಲೆ. ಸೋಮೇಶ್ವರದಿಂದ ಮೇಲಕ್ಕೆ 14 ಹೇರ್‌ಪಿನ್ ತಿರುವು. ಘಾಟಿಯ ಏರಿನಲ್ಲಿ ಕ್ಲಚ್ ಸುಡುವುದು ಗೇರು ಬದಲಾಯಿಸಲು ತಡಮಾಡುವುದರಿಂದ: ಮೂರನೇ ಗೇರಿನಲ್ಲಿ ತಿರುವಿಗೆ ನುಗ್ಗಿ, ಎಂಜಿನ್ ಕುಗ್ಗಿದಾಗ ಎರಡಕ್ಕೆ ಇಳಿಸುವ ಬದಲು ಕ್ಲಚ್ಚನ್ನು ಸ್ವಲ್ಪ ಒತ್ತಿ ಗ್ಯಾಸ್ ಕೊಟ್ಟು ಏರಿಸುವುದು. ಅಣ್ಣ ತಿರುವಿಗೆ ಮುಂಚೆಯೇ ಎರಡಕ್ಕೆ ಹಾಕಿಸಿ, ತಿರುವಿನೊಳಗೆ ಎಡಗಾಲು ಎತ್ತಲೇ ಬಿಡಲಿಲ್ಲ. ಅತಿ ಕಡಿದಾದಲ್ಲಿ ಒಂದಕ್ಕೆ. ಮೇಲಿಂದ ಇಳಿಯುತ್ತಿದ್ದ ವ್ಯಾನಿನವನು ಒಂದು ಇಕ್ಕಟ್ಟಿನಲ್ಲಿ ನಿಂತು ನಮಗೆ ದಾರಿ ಬಿಟ್ಟ. ಏರುವ ವಾಹನಕ್ಕೆ ಮೊದಲ ಹಕ್ಕು ಎಂಬುದು ಕೇಂದ್ರದ ರಸ್ತೆ ನಿಯಮಾವಳಿಯಲ್ಲೇ ಇದೆ. ಏರಿನ ನಡುವೆ ನಿಂತು ಮತ್ತೆ ಹೊರಡುವುದು ಎಂದರೇನೆಂದು ಗೊತ್ತಿದ್ದವರು ಬರೆದಿರಬೇಕು.

ಇಳಿಯುವಾಗ ಅಣ್ಣನೇ ಡ್ರೈವರ್ ಸೀಟಿಗೆ ಬಂದರು. ಹತ್ತಿದ ಗೇರಿನಲ್ಲೇ ಇಳಿಯಬೇಕು ಎಂಬುದು ಘಾಟಿಯ ಹಳೆಯ ಸೂತ್ರ, ಅದನ್ನು ಅವರು ಮೀರಲಿಲ್ಲ. ಆದರೆ ಕೆಳಗೆ ಹೆಬ್ರಿ ಕಡೆಯ ಹಗುರ ಇಳಿಜಾರು ಸಿಕ್ಕಿದ್ದೇ ಕೈ ನ್ಯೂಟ್ರಲ್ಲಿಗೆ ಹೋಯಿತು.

“ಅಣ್ಣ, ಎಂತಕ್ಕೆ?”

“ಪೆಟ್ರೋಲ್ ಉಳಿತದೆ.”

ಹಳೆಯ ಡೀಸೆಲ್ ಬಸ್ಸಿನ ಕಾಲದಿಂದ ಬಂದ ಕೈ ಅದು. ಈಗಿನ ಇಂಜೆಕ್ಷನ್ ಎಂಜಿನ್ನಿನಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ, ಚಕ್ರವೇ ಎಂಜಿನ್ನನ್ನು ತಿರುಗಿಸುವುದರಿಂದ ಇಂಧನ ಹೆಚ್ಚುಕಮ್ಮಿ ಪೂರ್ತಿ ನಿಲ್ಲುತ್ತದೆ. ನ್ಯೂಟ್ರಲ್ ಮಾಡಿದರೆ ಐಡ್ಲಿಂಗಿಗಾದರೂ ಪೆಟ್ರೋಲ್ ಸುಡಲೇಬೇಕು. ನಾನು ಇದನ್ನು ಸಾಕಷ್ಟು ವಿವರವಾಗಿ ಹೇಳಿದೆ. ಅವರು ಗೇರಿಗೆ ಹಾಕಿದರು, ಒಪ್ಪಿದ್ದರಿಂದಲ್ಲ, ಟೀಚರ್ ಸುಮ್ಮನಾಗಲಿ ಎಂದು. ಹಾಕುವಾಗಲೂ ಡಬಲ್ ಕ್ಲಚ್: ಒತ್ತಿ ನ್ಯೂಟ್ರಲ್, ಬಿಟ್ಟು, ಮತ್ತೆ ಒತ್ತಿ ಗೇರು. ಗೇರುಗಳ ವೇಗವನ್ನು ತಾನೇ ಹೊಂದಿಸುವ ಸಿಂಕ್ರೊಮೆಶ್ ಇಲ್ಲದ ಹಳೆಯ ಗೇರ್ ಬಾಕ್ಸುಗಳಲ್ಲಿ ಹಾಗೆ ಮಾಡದಿದ್ದರೆ ಗೇರು ಬೀಳುತ್ತಲೇ ಇರಲಿಲ್ಲವಂತೆ. ನನ್ನ ಕಾರಿಗೆ ಅದರ ಅಗತ್ಯವೂ ಇಲ್ಲ, ತೊಂದರೆಯೂ ಇಲ್ಲ. ನೋಡಲು ಮಾತ್ರ ಬಹಳ ಸೊಗಸು. ಪಾದ ಎರಡು ಸಲ ಹೋಗಿಬಂದದ್ದು ಕಾರಿಗೆ ಗೊತ್ತೇ ಆಗುವುದಿಲ್ಲ.

ಈಚೆಗೆ ನಮ್ಮ ಕಾಲೇಜಿನ ಸಹೋದ್ಯೋಗಿಯೊಬ್ಬರು ಈ ಕ್ಲಚ್ಚಿನ ರಗಳೆಯೇ ಬೇಡವೆಂದು ಎಎಂಟಿ, ಅಂದರೆ ಕ್ಲಚ್ಚನ್ನೂ ಗೇರನ್ನೂ ತಾನೇ ನೋಡಿಕೊಳ್ಳುವ ಕಾರು ತಗೊಂಡರು. 2014ರಲ್ಲಿ ಸೆಲೆರಿಯೊ ಬಂದ ಮೇಲೆ ನಮ್ಮ ದೇಶದ ಸಣ್ಣ ಕಾರುಗಳಲ್ಲಿ ಹಬ್ಬಿದ ವ್ಯವಸ್ಥೆ ಅದು. ಎಡಗಾಲಿಗೆ ಪೆಡಲೇ ಇಲ್ಲ. ಒಂದು ಸಂಜೆ ನಮ್ಮಿಬ್ಬರನ್ನೂ ಕೂರಿಸಿಕೊಂಡು ಲೈಟ್‌ಹೌಸ್ ಹಿಲ್ ರಸ್ತೆ ಹತ್ತಿದರು. ಸಾಲು ನಿಂತಿತು. ಅವರು ಬ್ರೇಕ್ ಒತ್ತಲಿಲ್ಲ. ಆಕ್ಸಿಲರೇಟರನ್ನು ಮೆಲ್ಲಗೆ ಒತ್ತಿಕೊಂಡು ಕಾರನ್ನು ಏರಿನಲ್ಲಿ ತೂಗಿಸಿದರು. ಆರಾಮ ನೋಡಿ ಎಂದರು. ಎಎಂಟಿಯಲ್ಲಿಯೂ ಒಳಗಿರುವುದು ನಾನು ಕೈಯಲ್ಲಿ ಹಿಡಿದು ನೋಡಿದಂಥದೇ ಒಣ ಪ್ಲೇಟು. ಒತ್ತುವ ಬಿಡುವ ಕೆಲಸ ಕಾಲಿನ ಬದಲು ಆಕ್ಚುಯೇಟರ್ ಮಾಡುತ್ತದೆ, ಅಷ್ಟೇ ವ್ಯತ್ಯಾಸ. ಏರಿನಲ್ಲಿ ಗ್ಯಾಸ್ ಕೊಟ್ಟು ನಿಲ್ಲಿಸಿದರೆ ಅದೂ ಪಾಪ ಹಾಫ್ ಕ್ಲಚ್ಚಿನಲ್ಲೇ ನಿಲ್ಲಬೇಕು.

ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದಿನ ಸೀಟಿನಿಂದ ಅಣ್ಣ ಹೇಳಿದರು: “ಬ್ರೇಕ್ ಒತ್ತಿ ಮಾರಾಯ್ರೆ. ಇಲ್ಲದಿದ್ರೆ ಟೀಚರ್ ಈಗ ಗೀಸರಿನ ಲೆಕ್ಕ ಶುರು ಮಾಡ್ತಾರೆ.”